ಚಕಮಕಿ ಬಂದೂಕಿಗೆ ಅಪ್ಪ ಹಾಕಿದ ಅಟ್ಟೆ

ನಮ್ಮ ಮೊಮ್ಮಗಳು ಪೂರ್ವಿ ಪಾಸಾದಳು. ಫಿಟ್ಟರ್ ಕೋರ್ಸು, ಎರಡು ವರ್ಷದ್ದು. ಬೆಳಿಗ್ಗೆ ಹತ್ತು ಗಂಟೆಗೆ ಅವಳ ಫೋನಿಗೆ ಆ ಸುದ್ದಿ ಬಂತು. ಹನ್ನೊಂದಕ್ಕೆ ಇಲ್ಲೇ ಬಡೋದೆಯ ಮಕರಪುರಾದ ಒಂದು ಕಾರ್ಖಾನೆಯಿಂದ ಇನ್ನೊಂದು ಸುದ್ದಿ: ಸೋಮವಾರದಿಂದ ಕೆಲಸಕ್ಕೆ ಬರಬೇಕು. ಒಂದೇ ಬೆಳಿಗ್ಗೆ ಎರಡು. ನಾನು ಪೇಡೆಯ ಡಬ್ಬಿ ಹಿಡಿದು, ಮಂಜಲ್‌ಪುರದ ನಮ್ಮ ಕಟ್ಟಡದ ನಾಲ್ಕೂ ಮಹಡಿಯ ಬಾಗಿಲು ಬಡಿದು ಬಂದೆ. ನನಗೆ ಮೊಣಕಾಲು ನೋವಿದೆ ಎಂಬುದು ನೆನಪಾದದ್ದು ಕೆಳಗಿನ ಮೆಟ್ಟಿಲಿಗೆ ಬಂದ ಮೇಲೆ. ಎರಡನೆಯ ಮಹಡಿಯ ಗುಜರಾತಿ ಅಕ್ಕ, ನಾವು ಬೆನ್ ಅನ್ನುವವರು, "ಹುಡುಗಿಗೆ ಫಿಟ್ಟರ್ ಕೆಲಸವಾ?" ಎಂದು ಕೇಳಿದರು. ಹೌದು, ಫಿಟ್ಟರ್ ಎಂದೆ. ಅವರಿಗೆ ಇನ್ನೊಂದು ಪೇಡೆ ಕೊಟ್ಟೆ.

ನಮ್ಮದು ಕಂಬಾರರ ಮನೆತನ. ಬೈಲಹೊಂಗಲದ ಕಡೆಯವರು. ಕಬ್ಬಿಣದ ಕೆಲಸ ನಮ್ಮ ಅಪ್ಪನ ತನಕ ಬಂದು ಅಲ್ಲಿಗೆ ನಿಂತಿತ್ತು. ನನ್ನ ಗಂಡ ರೈಲ್ವೆಯಲ್ಲಿ ಗುಮಾಸ್ತರಾಗಿದ್ದರು, ಮಗ ವಿಮೆ ಕಚೇರಿಯಲ್ಲಿದ್ದಾನೆ. ಇಬ್ಬರಿಗೂ ಗೋಡೆಗೆ ಮೊಳೆ ಹೊಡೆಯುವುದು ನೆಟ್ಟಗೆ ಬರುವುದಿಲ್ಲ. ಈಗ ಮತ್ತೆ ಒಬ್ಬಳ ಕೈಗೆ ಸುತ್ತಿಗೆ ಬಂತು. ಸಂತೋಷಕ್ಕೆ ಕೂತಲ್ಲಿ ಕೂರಲಾಗುತ್ತಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ನಾನು ನಾಲ್ಕನೆಯ ತರಗತಿಯ ತನಕ ಓದಿದವಳು. ಆದರೂ ಅಪ್ಪನ ಒಂದು ಕೆಲಸದ ಕಥೆಯನ್ನು ಇವತ್ತೇ ಬರೆಯಬೇಕು ಅನ್ನಿಸಿದೆ.

ಮಿಲ್ಲಿನ ಭೋಂಗಾ ಕೂಗಿದರೆ ಬಡೋದೆಯಲ್ಲಿ ಹಾಲಿನವನೂ ಮೇಷ್ಟ್ರೂ ಗಡಿಯಾರ ಸರಿಮಾಡಿಕೊಳ್ಳುತ್ತಿದ್ದ ವರ್ಷಗಳವು. ಅರವತ್ತರ ದಶಕ. ನನಗೆ ಹತ್ತು ವರ್ಷ. ಅಪ್ಪ ಒಂದು ಬಟ್ಟೆ ಗಿರಣಿಯಲ್ಲಿ ಫಿಟ್ಟರ್. ನಾವಿದ್ದದ್ದು ಒಂದು ಚಾಲಿಯಲ್ಲಿ. ಚಾಲಿಯಲ್ಲಿ ಬೆಳೆದವರಿಗೆ ಹೇಳಬೇಕಾಗಿಲ್ಲ: ಸಾಲು ಕೋಣೆ, ಮುಂದೆ ಉದ್ದಕ್ಕೆ ಒಂದು ಜಗಲಿ, ಎಲ್ಲರಿಗೂ ಸೇರಿ ಒಂದು ನಳ. ಬೆಳಿಗ್ಗೆ ಒಂದು ಕೋಣೆಯಿಂದ ಬಾಜ್ರಾ ರೊಟ್ಟಿಯ ವಾಸನೆ, ಇನ್ನೊಂದರಿಂದ ಕಡಲೆಹಿಟ್ಟು ಕರಿಯುವ ವಾಸನೆ, ನಮ್ಮ ಕೋಣೆಯಿಂದ ಬೆಳ್ಳುಳ್ಳಿ ಹಾಕಿದ ಶೇಂಗಾ ಚಟ್ನಿಯದು. ಚಾಲಿಯ ಒಡತಿ ಜಮನಾಬಾ ಎಂಬ ವಿಧವೆ. ಈರುಳ್ಳಿ ಬೆಳ್ಳುಳ್ಳಿ ತಿನ್ನದ ಮನೆತನ. ನಮ್ಮ ಬಾಗಿಲ ಮುಂದೆ ಹಾದಾಗಲೆಲ್ಲ ಸೆರಗು ಮೂಗಿಗೆ ಹಿಡಿಯುತ್ತಿದ್ದರು, ಆದರೆ ಚಟ್ನಿ ಅರೆದು ಒರಳು ತೊಳೆಯುವ ತನಕ ಬಾಗಿಲಲ್ಲಿ ನಿಂತು ಅವ್ವನ ಜೊತೆ ಹರಟುತ್ತಿದ್ದರು.

ಚಾಲಿಯ ಹಿಂದೆ ಬೇವಿನ ಮರದ ಕೆಳಗೆ ಅಪ್ಪನ ಸಣ್ಣ ಕುಲುಮೆ ಇತ್ತು. ಒಂದು ತಿದಿ, ಒಂದು ಅಡಿಗಲ್ಲು, ನಾಲ್ಕಾರು ಇಕ್ಕಳ. ಗಿರಣಿಗೆ ರಜೆ ಇದ್ದ ದಿನ ಅಪ್ಪ ಅಲ್ಲಿ ಕೂತು ಚಾಲಿಯವರ ಸ್ಟೋವು, ಬೀಗ, ಹೊಲಿಗೆ ಯಂತ್ರ ಸರಿಮಾಡಿ ಕೊಡುತ್ತಿದ್ದ. ತಿದಿ ಒತ್ತುವುದು ನನ್ನ ಕೆಲಸ.

ಮಳೆಗಾಲ ಮುಗಿಯುತ್ತ ಬಂದಿದ್ದ ಒಂದು ಭಾನುವಾರ, ದೊಡ್ಡ ಬಿಳಿ ಮೀಸೆಯ ಒಬ್ಬ ಮುದುಕ ನಮ್ಮ ಬೇವಿನ ಮರ ಹುಡುಕಿಕೊಂಡು ಬಂದ. ತಲೆಗೆ ಕೆಂಪು ಪಾಗು, ಕೈಯಲ್ಲಿ ಕೆಂಪು ಬಟ್ಟೆಯ ಗಂಟು. ಸಾವಲಿಯ ಆಚೆಗಿನ ಒಂದು ಹಳ್ಳಿಯ ದರ್ಬಾರ್, ಅಂದರೆ ಹಳೇ ಜಮೀನುದಾರ ಮನೆತನದವನು. ಎಲ್ಲರೂ ಬಾಪು ಅನ್ನುತ್ತಿದ್ದರು, ನಾವೂ ಹಾಗೇ ಅಂದೆವು. ಗಂಟು ಬಿಚ್ಚಿದರೆ ಅಂಗೈಗಿಂತ ಸ್ವಲ್ಪ ಉದ್ದದ ಒಂದು ಕಬ್ಬಿಣದ ಸಾಮಾನು. ಬಾತುಕೋಳಿ ಕತ್ತು ಬಗ್ಗಿಸಿ ನಿಂತ ಹಾಗೆ ಕಾಣುತ್ತಿತ್ತು.

"ಬಂದೂಕಿನದು, ಮಿಸ್ತ್ರಿ. ಬಂದೂಕು ಮನೆಯಲ್ಲಿದೆ. ಪರವಾನಗಿ ನನ್ನ ಹೆಸರಿಗಿದೆ, ಊರೂರು ಹೊತ್ತು ತಿರುಗುವ ಹಾಗಿಲ್ಲ. ಅದಕ್ಕೆ ಇದನ್ನಷ್ಟೇ ಬಿಚ್ಚಿ ತಂದೆ."

ಬಂದೂಕಿನ ಪಕ್ಕಕ್ಕೆ ಕೂರುವ ಈ ಯಂತ್ರಕ್ಕೆ ಅಪ್ಪ ಚಾಪು ಅನ್ನುತ್ತಿದ್ದ. ತೋಟಾ ಇಲ್ಲದ ಕಾಲದ ಬಂದೂಕು ಅದು; ಬಾಯಿಂದ ಮದ್ದು ಸುರಿದು, ಗುಂಡು ಇಟ್ಟು, ಗಜದಿಂದ ಜಡಿಯಬೇಕು. ಬೆಂಕಿ ಹೊತ್ತಿಸುವುದು ಚಾಪಿನ ಕೆಲಸ. ಬಾತುಕೋಳಿ ಕತ್ತಿನಂಥದ್ದಕ್ಕೆ ಕುದುರೆ ಎಂದು ಹೆಸರು. ಅದರ ಬಾಯಲ್ಲಿ ಒಂದು ಚಕಮಕಿ ಕಲ್ಲು. ಕೆಳಗಿನ ಕೊಕ್ಕೆ ಎಳೆದರೆ ಕುದುರೆ ಮುಂದಕ್ಕೆ ಬಿದ್ದು, ಎದುರಿಗೆ ನಿಂತ ಉಕ್ಕಿನ ಪಟ್ಟಿಗೆ ಕಲ್ಲು ಉಜ್ಜುತ್ತದೆ. ಕಿಡಿ ಕೆಳಗಿನ ಬಟ್ಟಲಿನ ಮದ್ದಿಗೆ ಬೀಳುತ್ತದೆ. ಅಷ್ಟೇ. ಆ ಕಿಡಿ ಬೀಳುತ್ತಿರಲಿಲ್ಲ.

ಅಪ್ಪ ಕೈ ಮುಗಿದ. "ಬಾಪು, ನಾನು ಮಗ್ಗದ ಮಷೀನು ಮಾಡುವವ. ಬಂದೂಕು ಮುಟ್ಟಿದವನಲ್ಲ. ಪೇಟೆಯಲ್ಲಿ ಬಂದೂಕಿನ ಅಂಗಡಿ ಇದೆಯಲ್ಲ."

"ಹೋಗಿದ್ದೆ. ಇದನ್ನು ಬಿಸಾಡಿ ಕೇಪು ಹೊಡೆಯುವ ಹೊಸ ಚಾಪು ಹಾಕಿಸು ಅಂದರು. ಅದಕ್ಕೆ ನಳಿಗೆಯ ಕಿವಿಯನ್ನೂ, ಬೆಂಕಿ ಒಳಹೋಗುವ ತೂತನ್ನೂ, ಕೊರೆಯಬೇಕಂತೆ. ಎಲ್ಲ ಕೊರೆದ ಮೇಲೆ ಅದು ನಮ್ಮ ಅಜ್ಜನ ಬಂದೂಕು ಹೇಗಾದೀತು?"

ಆಮೇಲೆ ಬಾಪು ಒಂದು ಬುಟ್ಟಿಯ ಮೇಲೆ ಕೂತು ಹೇಳಿದ. ಅವರ ಮನೆಯ ಪದ್ಧತಿ ಒಂದಿತ್ತು. ಹೆಣ್ಣಿನ ಮದುವೆಗೆ ದಿಬ್ಬಣ ಊರ ಗಡಿಗೆ ಬಂದು ನಿಲ್ಲಬೇಕು, ಮನೆಯ ಯಜಮಾನ ಅಜ್ಜನ ಬಂದೂಕಿನಿಂದ ಗುಂಡಿಲ್ಲದ ಒಂದು ಬರೀ ಈಡು ಹಾರಿಸಬೇಕು, ಆ ಸದ್ದು ಕೇಳಿದ ಮೇಲೆ ಬೀಗರು ಒಳಗೆ ಕಾಲಿಡಬೇಕು. ನಾಲ್ಕು ವರ್ಷದ ಹಿಂದೆ ದೊಡ್ಡ ಮಗಳು ಹಂಸಾಳ ಮದುವೆಯಲ್ಲಿ ಬಾಪು ಮೂರು ಸಲ ಎಳೆದ. ಮೂರು ಸಲವೂ ಖಟ್ ಅಂದಿತು, ಅಷ್ಟೇ. ಬೀಗರು ನಕ್ಕರು, ಬಾಪುವೂ ನಕ್ಕ.

"ಅಲ್ಲಿಗೆ ಮುಗಿದಿದ್ದರೆ ನಾನು ನಿನ್ನ ಹತ್ತಿರ ಬರುತ್ತಿರಲಿಲ್ಲ. ಈಗ ಆ ಮನೆಯಲ್ಲಿ ಹಸಿ ಸೌದೆಗೆ ಒಲೆ ಹೊತ್ತದಿದ್ದರೆ ಸಾಕು, ತವರಿನ ಬಂದೂಕು ಅನ್ನುತ್ತಾರೆ. ಮಗು ಆಗಲಿಲ್ಲ ಅಂದರೂ ಅದೇ ಮಾತು. ಹುಡುಗಿ ಹಬ್ಬಕ್ಕೂ ಮನೆಗೆ ಬರುವುದನ್ನು ಬಿಟ್ಟಿದ್ದಾಳೆ. ತುಳಸಿ ಲಗ್ನ ಕಳೆದ ಮೇಲೆ ಸಣ್ಣವಳ ಮದುವೆ. ಆ ಜನ ಎಲ್ಲ ಬರುತ್ತಾರೆ."

ಅಪ್ಪ ಚಾಪನ್ನು ಕೈಗೆ ತೆಗೆದುಕೊಂಡ. ಹೂಂ ಅಂದ.

ಬಾಪು ಹೋದ ಮೇಲೆ ಅವ್ವ ಒಲೆಯ ಮುಂದಿನಿಂದಲೇ ಅಂದಳು: "ಕಬ್ಬಿಣ ನೋಡಿ ಹೂಂ ಅಂದ್ರ್ಯೋ, ಹೆಣ್ಣಮಗಳ ಸುದ್ದಿ ಕೇಳಿ ಹೂಂ ಅಂದ್ರ್ಯೋ?"

"ಎರಡೂ ನೋಡಿದ್ನಿ."

"ನಿಮ್ಮ ಕೈಲಿ ಆಗದಿದ್ರ?"

"ಆಗದಿದ್ರ ಆಕಿಗೆ ಮತ್ತೊಂದ ನಾಲ್ಕ ವರ್ಷ ಅದ ಮಾತು," ಎಂದ ಅಪ್ಪ.

ಮುಂದಿನ ವಾರ ಚಾಪು ಬಿಚ್ಚಿದ. ಹಲಗೆಯ ಮೇಲೆ ಸೀಮೆಸುಣ್ಣದಿಂದ ಚಾಪಿನ ಚಿತ್ರ ಬರೆದು, ತೆಗೆದ ಒಂದೊಂದು ತಿರುಪನ್ನೂ ಚಿತ್ರದಲ್ಲಿ ಅದರ ಜಾಗದಲ್ಲೇ ಇಡುತ್ತ ಹೋದ. ಒಳಗೆ ಎಲ್ಲ ಕಂದು ಬಣ್ಣದ ಗೋಂದು ಗಟ್ಟಿಯಾಗಿ ಕೂತಿತ್ತು. ಉಗುರಿನಿಂದ ಕೆರೆದು ಮೂಸಿದ. ನನಗೂ ಮೂಸಲು ಕೊಟ್ಟ. ಹಳೇ ದೇವರ ಮನೆಯ ವಾಸನೆ.

ಬಾಪು ಮತ್ತೆ ಬಂದಾಗ ಅಪ್ಪ ಕೇಳಿದ: "ಇದರೊಳಗೆ ಏನು ಹಾಕುತ್ತೀರಿ?"

"ತುಪ್ಪ. ದಸರೆಯ ದಿನ ಶಸ್ತ್ರಪೂಜೆಗೆ ಮನೆಯ ಹಸುವಿನ ತುಪ್ಪ, ಮೇಲೆ ಕುಂಕುಮ. ಅಜ್ಜನ ಕಾಲದಿಂದ ಒಂದು ದಸರೆಯೂ ತಪ್ಪಿಸಿಲ್ಲ."

"ಅಷ್ಟೂ ದಸರೆ ಇಲ್ಲೇ ಕೂತಿವೆ," ಎಂದ ಅಪ್ಪ, ಗೋಂದಿನ ಚೂರು ತೋರಿಸಿ. "ಕುದುರೆಯ ಕಾಲು ಕಟ್ಟಿಹಾಕಿದವರು ನೀವೇ, ಬಾಪು. ಭಕ್ತಿ ದೇವರಿಗೆ ಗೊತ್ತಾಗುತ್ತದೆ, ಕಬ್ಬಿಣಕ್ಕೆ ಗೊತ್ತಾಗುವುದಿಲ್ಲ."

ಬಾಪು ಮೀಸೆ ತಿಕ್ಕಿಕೊಂಡ. ನಾನು ಬಾಯಿಗೆ ಲಂಗ ಅಡ್ಡ ಹಿಡಿದು ನಕ್ಕೆ. ಆ ನಗು ನನಗೆ ಚೆನ್ನಾಗಿ ನೆನಪಿದೆ.

ತುಪ್ಪವನ್ನು ಬಿಸಿನೀರು, ಸೋಡಾ ಹಾಕಿ ಕುದಿಸಿ ತೆಗೆದದ್ದಾಯಿತು. ಆಮೇಲೆ ಕಮಾನು, ಅಂದರೆ ಸ್ಪ್ರಿಂಗು. ಕುದುರೆಯನ್ನು ಮುಂದಕ್ಕೆ ದೂಡುವ ಆ ಕಮಾನು ಬಳುಕಿ ಹೋಗಿತ್ತು. ಅಪ್ಪ ಗುಜರಿ ಬಜಾರಿನಲ್ಲಿ ಲಾರಿಯ ಕಮಾನು ಪಟ್ಟಿಯ ಒಂದು ತುಂಡು ಹುಡುಕಿ ತಂದು, ಸೀಳಿ, ತಟ್ಟಿ, ಬಾಗಿಸಿ ಹೊಸ ಕಮಾನು ಮಾಡಿದ. ಕೆಂಪಗೆ ಕಾದದ್ದನ್ನು ಶೇಂಗಾ ಎಣ್ಣೆಯಲ್ಲಿ ಮುಳುಗಿಸಿದಾಗ ಎದ್ದ ಹೊಗೆಗೆ ಚಾಲಿಯ ಮಕ್ಕಳೆಲ್ಲ ಯಾರದೋ ಮನೆಯಲ್ಲಿ ಭಜಿ ಕರಿಯುತ್ತಿದ್ದಾರೆ ಎಂದು ಓಡಿ ಬಂದವು. ಮೊದಲನೆಯ ಕಮಾನು ಕೂರಿಸುವಾಗಲೇ ಟಣ್ ಎಂದು ಮುರಿದು ಬೇವಿನ ಮರಕ್ಕೆ ಬಡಿಯಿತು. ಅಪ್ಪ ತುಂಡು ಹೆಕ್ಕಿಕೊಂಡು ಮುರಿದ ಜಾಗವನ್ನು ಬಹಳ ಹೊತ್ತು ನೋಡಿದ. ಸಿಟ್ಟಾಗಲಿಲ್ಲ. ಎರಡನೆಯದನ್ನು ಮಾಡುವಾಗ ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡ.

"ಈಗ ಬಣ್ಣ ನೋಡಬೇಕ ನೀ. ನನ್ನ ಕಣ್ಣಿಗೆ ಹೊಗಿ ಕುಂತೈತಿ. ಮೊದಲ ಜ್ವಾಳದ ಹುಲ್ಲಿನ ಬಣ್ಣ ಬರತೈತಿ. ಆಮ್ಯಾಲೆ ಬದನಿಕಾಯಿ. ಆಮ್ಯಾಲೆ ನವಿಲಿನ ಕುತ್ತಿಗಿ. ನವಿಲು ಬಂದ ಕೂಡಲೇ ಹೇಳು."

ಉಕ್ಕಿನ ಮೇಲೆ ಬಣ್ಣ ನಿಧಾನವಾಗಿ ಓಡುತ್ತಿತ್ತು. ಹುಲ್ಲು ಬಂತು, ಬದನೆಕಾಯಿ ಬಂತು. "ನವಿಲು," ಎಂದೆ. ಅಪ್ಪ ಇಕ್ಕಳದಿಂದ ತೆಗೆದು ಬೂದಿಯಲ್ಲಿ ಹೂತ. ಆ ಕಮಾನು ಮುರಿಯಲಿಲ್ಲ.

ಕೊನೆಗೆ ಉಳಿದದ್ದು ಕಲ್ಲು ಉಜ್ಜುವ ಉಕ್ಕಿನ ಪಟ್ಟಿ. ಅದು ಸವೆದು ಮಧ್ಯೆ ಹಳ್ಳ ಬಿದ್ದಿತ್ತು. ಅಪ್ಪ ಒಂದು ಹಳೇ ಅರವನ್ನು ತುಂಡು ಮಾಡಿ, ಹಲ್ಲು ತಿಕ್ಕಿ ತೆಗೆದು, ಪಟ್ಟಿಯ ಮುಖಕ್ಕೆ ಸರಿಯಾಗಿ ಕೊರೆದು, ಕಾಸಿ ನೀರಿಗೆ ಹಾಕಿ ಗಟ್ಟಿ ಮಾಡಿದ. ಆಮೇಲೆ ಅದನ್ನು ಹಳೇ ಪಟ್ಟಿಯ ಮೇಲೆ ತವರ ಕರಗಿಸಿ ಅಂಟಿಸಿದ. ತವರ ಕರಗುವಷ್ಟು ಮಾತ್ರ ಕಾವು ಬೇಕು, ಮೇಲೆ ಹೋದರೆ ಅರದ ಗಟ್ಟಿತನ ಇಳಿದುಬಿಡುತ್ತದೆ. ಅಪ್ಪ ಉಸಿರು ಬಿಗಿಹಿಡಿದು ಮಾಡಿದ ಕೆಲಸ ಅದೊಂದೇ.

ಜಮನಾಬಾ ದೂರದಲ್ಲಿ ನಿಂತು ಕೇಳಿದರು: "ಏನು ಮಾಡುತ್ತಿದ್ದೀ, ಮಿಸ್ತ್ರಿ?"

"ಚಪ್ಪಲಿಗೆ ಹೊಸ ಅಟ್ಟೆ ಹಾಕುತ್ತಿದ್ದೇನೆ, ಜಮನಾಬಾ."

"ಚಪ್ಪಲಿಯೋ, ಬಂದೂಕೋ? ನನಗೆ ಯಾರೂ ಹೇಳಿಲ್ಲ ಅಂದುಕೊಂಡೆಯಾ? ನನ್ನ ಜಾಗದಲ್ಲಿ ಒಂದು ಗುಬ್ಬಿ ಸತ್ತರೂ ಕೋಣೆ ಖಾಲಿ ಮಾಡಿಸುತ್ತೇನೆ."

"ಇದು ಗುಬ್ಬಿ ಹೊಡೆಯುವುದಲ್ಲ. ಮದುವೆಯಲ್ಲಿ ಸದ್ದು ಮಾಡುವುದು."

"ಸದ್ದಿಗೆ ಬ್ಯಾಂಡು ಇಲ್ಲವೇ?" ಎಂದು ಗೊಣಗಿದರು, ಆದರೆ ಹೋಗಲಿಲ್ಲ.

ಕಲ್ಲು ಖಂಭಾತಿನಿಂದ ಬಂತು. ನಮ್ಮ ಪಕ್ಕದ ಕೋಣೆಯವರ ತವರು ಅಲ್ಲಿಯದು, ಅಕೀಕೆಂಬ ಕಲ್ಲಿನ ಮಣಿ ಕೊರೆಯುವ ಮನೆ. ಅವರು ಒಡೆದ ಅಕೀಕಿನ ಐದಾರು ಚೂರು ತಂದುಕೊಟ್ಟರು. ಜೇನಿನ ಬಣ್ಣ, ಬೆಳಕಿಗೆ ಹಿಡಿದರೆ ಒಳಗೆ ಗೆರೆಗಳು. ನಾನು ಅವನ್ನೇ ಎರಡು ದಿನ ಐದು ಕಲ್ಲಿನ ಆಟಕ್ಕೆ ಬಳಸಿದೆ. ಚೂಪು ಅಂಚು ತಗುಲಿ ಗೆಳತಿಯ ಕೈ ಕೊಯ್ದ ಮೇಲೆ ಅವು ಅಪ್ಪನ ಕೈ ಸೇರಿದವು.

ಚಾಪು ಮುಗಿದ ದಿನ ಅಪ್ಪ ಅದನ್ನು ಮೆಟ್ಟಿಲ ಕೆಳಗಿನ ಕತ್ತಲೆ ಮೂಲೆಗೆ ಒಯ್ದು ಎಳೆದ. ಕಿಡಿಗಳು ಬಟ್ಟಲಿಗೆ ಸುರಿದವು, ಬಿದ್ದ ಮೇಲೂ ಒಂದು ಗಳಿಗೆ ಚಿಟಿಚಿಟಿ ಅಂದವು. ಮಕ್ಕಳೆಲ್ಲ ಮತ್ತೊಮ್ಮೆ, ಮತ್ತೊಮ್ಮೆ ಎಂದರು. ಹತ್ತು ಸಲ ಎಳೆದರೆ ಹತ್ತು ಸಲವೂ ಕಿಡಿ. ಹನ್ನೊಂದನೆಯದಕ್ಕೆ ಜಮನಾಬಾ ತಮ್ಮ ಪೀಠ ತಂದು ಹಾಕಿಕೊಂಡು ಕೂತಿದ್ದರು.

ಮದುವೆಯ ಹಿಂದಿನ ದಿನ ಅಪ್ಪ ಗಿರಣಿಗೆ ಹೋಗಿದ್ದ. ಮರುದಿನ ಬೆಳಿಗ್ಗೆ ಅಪ್ಪನೂ ನಾನೂ ಚಾಪು ತೆಗೆದುಕೊಂಡು ಬಾಪುವಿನ ಊರಿಗೆ ಹೋಗುವುದೆಂದು ಠರಾವಾಗಿತ್ತು. ನಮ್ಮ ಮನೆತನಕ್ಕೂ ಒಂದು ಪದ್ಧತಿ ಇತ್ತು. ಹೊಸದಾಗಿ ಮುಗಿದ ಕೆಲಸ, ಅದು ಕುಡುಗೋಲಾಗಲಿ ಕುಳವಾಗಲಿ, ಮನೆ ಬಿಡುವ ಮೊದಲು ಒಂದು ರಾತ್ರಿ ದೇವರ ಮುಂದೆ ಇರಬೇಕು. ಎಣ್ಣೆಬೊಟ್ಟು ಇಟ್ಟು ಅದರ ಮೇಲೆ ಕುಂಕುಮ. ಅವ್ವ ಆ ಮೂರು ದಿನ ಹೊರಗೆ ಕೂತಿದ್ದಳು, ದೇವರ ಸಾಮಾನು ಮುಟ್ಟುವ ಹಾಗಿರಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಬಾಗಿಲ ಹೊರಗಿನಿಂದ ನನಗೆ ಹೇಳಿದಳು: "ಗಂಗೂ, ಚಾಪಿಗೆ ಎಣ್ಣಿ ಹಚ್ಚಿ ಕುಂಕುಮ ಇಡವಾ. ಹೂವು ಇಡೂದು ಮರೀಬ್ಯಾಡ."

ನನಗೆ ಮೊದಲನೆಯ ಸಲ ಸಿಕ್ಕ ಪೂಜೆ. ನಾನು ಕೊಬ್ಬರಿ ಎಣ್ಣೆಯ ಬಟ್ಟಲು ತೆಗೆದುಕೊಂಡು ಕೂತೆ. ಕುದುರೆಗೆ ಹಚ್ಚಿದೆ, ಕೊಕ್ಕೆಗೆ ಹಚ್ಚಿದೆ, ಅಪ್ಪ ಹಾಕಿದ ಹೊಸ ಅಟ್ಟೆಗೆ ಎರಡು ಸಲ ಹಚ್ಚಿದೆ, ಕನ್ನಡಿಯ ಹಾಗೆ ಹೊಳೆಯಲಿ ಎಂದು. ಕಲ್ಲಿಗೂ ಹಚ್ಚಿದೆ. ಕುದುರೆಯ ತಲೆಗೆ ಕುಂಕುಮ ಇಟ್ಟೆ. ಬೆಳಿಗ್ಗೆ ಅಪ್ಪ ಕೈ ಮುಗಿದು, ಹೂವಿನ ಸಮೇತ ಅದನ್ನು ಕೆಂಪು ಬಟ್ಟೆಯಲ್ಲಿ ಕಟ್ಟಿ ಬಗಲಲ್ಲಿಟ್ಟುಕೊಂಡ. ಬಸ್ಸಿನಲ್ಲಿ ಒಂದೂವರೆ ಗಂಟೆ, ಎತ್ತಿನ ಗಾಡಿಯಲ್ಲಿ ಮತ್ತೆ ಅರ್ಧ ಗಂಟೆ ಅದನ್ನು ಬಿಚ್ಚಲಿಲ್ಲ.

ಬಾಪುವಿನ ಮನೆಯ ಅಂಗಳದಲ್ಲಿ ದೊಡ್ಡ ದೊಡ್ಡ ಹಂಡೆಗಳಲ್ಲಿ ಅಡುಗೆ ನಡೆದಿತ್ತು. ಬೆಲ್ಲ ಕಾಯುವ ವಾಸನೆ, ತುವರಿ ಕಾಳು ಬೇಯುವ ವಾಸನೆ. ಬಾಪು ನಮ್ಮನ್ನು ದನದ ಕೊಟ್ಟಿಗೆಯ ಹಿಂದಕ್ಕೆ ಕರೆದುಕೊಂಡು ಹೋಗಿ ಬಂದೂಕು ತಂದ. ನನಗಿಂತ ಉದ್ದ ಇತ್ತು. ನಳಿಗೆಯ ಮೇಲೆ ಬಳ್ಳಿ ಸುತ್ತಿದ ಹಾಗೆ ಗೆರೆಗಳು. ಅಪ್ಪ ಎರಡು ತಿರುಪು ಬಿಗಿದು ಚಾಪು ಕೂರಿಸಿದ. ಮದ್ದು ಹಾಕುವ ಮೊದಲು ಒಮ್ಮೆ ಬರಿದೇ ನೋಡೋಣ ಎಂದು ಕುದುರೆ ಹಿಂದಕ್ಕೆಳೆದು ಬಿಟ್ಟ.

ಖಟ್ ಅಂದಿತು. ಕಿಡಿ ಇಲ್ಲ.

ಇನ್ನೊಮ್ಮೆ ಎಳೆದ. ಒಂದೇ ಒಂದು ಕೆಂಪು ಚುಕ್ಕೆ ಎದ್ದು, ಬಟ್ಟಲು ಮುಟ್ಟುವ ಮೊದಲೇ ಆರಿತು. ಮೂರನೆಯ ಸಲ ಅದೂ ಇಲ್ಲ. ಊರಾಚೆಯಿಂದ ಡೋಲಿನ ಸದ್ದು ಕೇಳತೊಡಗಿತ್ತು. ದಿಬ್ಬಣ ಗಡಿಗೆ ಬರುತ್ತಿತ್ತು.

ಅಪ್ಪ ಹೆಬ್ಬೆರಳಿನಿಂದ ಕಲ್ಲಿನ ಅಂಚು ಮುಟ್ಟಿ ನೋಡಿದ. ಬೆರಳು ಹೊಳೆಯಿತು. ಬೆವರು ಎಂದುಕೊಂಡು ಧೋತರಕ್ಕೆ ಒರೆಸಿಕೊಂಡ. ನನಗೆ ಆಗ ಗೊತ್ತಾಯಿತು.

ಅಪ್ಪನಿಗೆ ಗೊತ್ತಾಗಲಿಲ್ಲ. ಅವನು ಬಾಪುವಿನ ಮುಖ ನೋಡದೆ ಹೇಳಿದ: "ತವರ ಹಾಕುವಾಗ ಕಾವು ಹೆಚ್ಚಾಗಿದೆ, ಬಾಪು. ಉಕ್ಕು ಮೆತ್ತಗಾಗಿದೆ. ಹತ್ತು ಸಲ ಕಿಡಿ ಕೊಟ್ಟು ಮುಗಿಸಿದೆ. ನನ್ನ ಕೈ ತಪ್ಪು."

ಬಾಪು ಗೋದಲಿಯ ಅಂಚಿಗೆ ಕೂತ. ಬಯ್ಯಲಿಲ್ಲ. "ಹಂಸಾ ಬಂದಿದ್ದಾಳೆ," ಎಂದಷ್ಟೇ ಅಂದ.

ಸುಮ್ಮನಿದ್ದರೆ ಯಾರಿಗೂ ತಿಳಿಯುವಂತಿರಲಿಲ್ಲ. ಅದು ನನಗೆ ಆಗಲೂ ಗೊತ್ತಿತ್ತು. ಅಪ್ಪ ನನ್ನನ್ನು ಎಂದೂ ಹೊಡೆದವನಲ್ಲ, ಹೊಡೆತದ ಭಯವಲ್ಲ ಅದು. ಬಾಪುವಿನ ತುಪ್ಪಕ್ಕೆ ನಕ್ಕವಳು ನಾನು. ಅಪ್ಪ ತಿರುಪು ಬಿಚ್ಚಲು ಕೈ ಹಾಕಿದ.

"ಅಪ್ಪಾ, ನಾ ಎಣ್ಣಿ ಹಚ್ಚೇನಿ."

"ಎದಕ್ಕ?"

"ಚಾಪಿಗೆ. ನಿನ್ನೆ ಪೂಜಿ ಮಾಡುವಾಗ."

"ಎಲ್ಲೆಲ್ಲಿ?"

"ಎಲ್ಲಾ ಕಡೆ. ಅಟ್ಟಿಗೆ ಎರಡ ಸಲ. ಹೊಳೀಲಿ ಅಂತ."

ಅಪ್ಪ ನನ್ನನ್ನು ನೋಡಿದ. ಹೆಬ್ಬೆರಳನ್ನು ಮೂಗಿಗೆ ಹಿಡಿದ. ನಾನು ಕಣ್ಣು ಮುಚ್ಚಿಕೊಂಡೆ.

"ಓಡು," ಎಂದ. "ಒಲಿ ಬೂದಿ ತಾ. ಒಣಾದು."

ಅಡುಗೆಯ ಒಲೆಯ ಹತ್ತಿರ ಹೆಂಗಸರ ನಡುವೆ ನುಗ್ಗಿ ಬೂದಿ ಬೂದಿ ಅಂದೆ. ಬಂದೂಕಿಗೆ ಬೂದಿ ಬೇಕಂತೆ ಎಂದೆ. ಅಲ್ಲಿ ಲಾಜ್, ಅಂದರೆ ಮುಸುಕು, ಎಳೆದುಕೊಂಡು ಕೂತಿದ್ದ ಒಬ್ಬಾಕೆ ತಟ್ಟನೆ ಎದ್ದಳು. ಒಲೆಯ ಬದಿಯಿಂದ ಎರಡು ಹಿಡಿ ಬೂದಿ ಸೆರಗಿಗೆ ಹಾಕಿಕೊಂಡು ನನ್ನ ಕೈ ಹಿಡಿದು ಓಡಿದಳು. ರೇಷ್ಮೆ ಸೀರೆ, ಮದುವೆ ಮನೆಯ ಸೀರೆ. ಅವಳೇ ಹಂಸಾ ಎಂದು ಕೊಟ್ಟಿಗೆಯ ಹಿಂದೆ ಬಂದು ಮುಸುಕು ಸರಿಸಿದಾಗ ಗೊತ್ತಾಯಿತು.

"ಎಲ್ಲಿ ತಿಕ್ಕಬೇಕು?" ಎಂದು ಕೇಳಿದಳು.

ಅಪ್ಪ ತೋರಿಸಿದ. ಅವಳು ಕುಕ್ಕರಗಾಲಲ್ಲಿ ಕೂತು, ಪಾತ್ರೆ ತಿಕ್ಕುವ ಹಾಗೆ, ಉಕ್ಕಿನ ಮುಖಕ್ಕೆ ಬೂದಿ ಹಾಕಿ ತಿಕ್ಕಿದಳು. ಬೂದಿ ಕಪ್ಪಾಯಿತು, ಒರೆಸಿ ಹೊಸದು ಹಾಕಿ ಮತ್ತೆ ತಿಕ್ಕಿದಳು. ಬಳೆಗಳು ನಳಿಗೆಗೆ ಬಡಿಯುತ್ತಿದ್ದವು. ಡೋಲು ಹತ್ತಿರವಾಗುತ್ತಿತ್ತು. ಅಪ್ಪ ಕುದುರೆಯ ಬಾಯಿ ಸಡಿಲಿಸಿ, ಎಣ್ಣೆ ಕುಡಿದ ಕಲ್ಲು ಕಿತ್ತು, ಜೇಬಿನಿಂದ ಇನ್ನೊಂದು ಅಕೀಕಿನ ಚೂರು ತೆಗೆದು ಕೂರಿಸಿದ.

"ಸಾಕು, ಬೆನ್. ಕೈ ತೆಗಿ."

ಎಳೆದ. ಕಿಡಿಗಳು ಸುರಿದವು. ಕೊಟ್ಟಿಗೆಯ ನೆರಳಿನಲ್ಲಿ ಹಂಸಾಳ ಮುಖ ಒಂದು ಗಳಿಗೆ ಕಂಡಿತು. ಅವಳು ಸೆರಗು ಕೊಡವಿ, ಮುಸುಕು ಎಳೆದುಕೊಂಡು ಒಳಗೆ ಹೋದಳು. ಬಾಪು ಎದ್ದು ಪಾಗು ಸರಿಮಾಡಿಕೊಂಡು ಮದ್ದಿನ ಕೊಂಬು ತಂದ.

ಗಡಿಯ ಹುಣಸೆ ಮರದ ಹತ್ತಿರ ದಿಬ್ಬಣ ನಿಂತಿತ್ತು. ನೋಡಲು ಸೇರಿದವರಲ್ಲಿ ಹಂಸಾಳ ಮಾವನೂ ಮೈದುನರೂ ಮುಂದೆಯೇ ಇದ್ದರು, ಈ ಸಲವೂ ನಗುವುದಕ್ಕೆ ಜಾಗ ಹಿಡಿದವರ ಹಾಗೆ. ಬಾಪು ಬಂದೂಕನ್ನು ಆಕಾಶಕ್ಕೆ ಎತ್ತಿದ. ಮೊದಲು ಬಟ್ಟಲಿನಲ್ಲಿ ಫುಸ್ ಎಂದು ಬೆಂಕಿ, ಅದರ ಬೆನ್ನಿಗೇ ಸದ್ದು. ಬಿಳಿ ಹೊಗೆ ಹುಣಸೆ ಮರದ ತನಕ ಹೋಗಿ ನಿಂತಿತು, ದೀಪಾವಳಿಯ ವಾಸನೆ. ನವಿಲುಗಳು ಕೂಗಿದವು. ಗಾಡಿಯ ಎತ್ತೊಂದು ನೊಗ ಕಿತ್ತುಕೊಳ್ಳಲು ನೋಡಿತು, ಬ್ಯಾಂಡಿನವನ ಕೈಯಿಂದ ತುತ್ತೂರಿ ಬಿತ್ತು.

ಹಂಸಾಳ ಮಾವ ಕಿವಿಗೆ ಬೆರಳು ಹಾಕಿ ತಿರುವಿಕೊಂಡ. "ಇನ್ನು ನಮ್ಮ ಮನೆಯವರು ಸೊಸೆಗೆ ಅನ್ನಲು ಬೇರೆ ಮಾತು ಹುಡುಕಬೇಕು," ಎಂದ. ಎಲ್ಲರೂ ನಕ್ಕರು, ಬಾಪುವೂ ನಕ್ಕ. ಅವನು ಆವತ್ತು ನಕ್ಕ ಬಗೆ ಬೇರೆ.

ನಾವು ಹೊರಡುವಾಗ ಹಂಸಾ ಬಂದು ನನ್ನ ಕೆನ್ನೆ ಹಿಂಡಿದಳು. ಅವಳ ಉಗುರಿನ ಸಂದಿಯಲ್ಲಿ ಇನ್ನೂ ಬೂದಿ ಇತ್ತು. ಬಸ್ಸಿನಲ್ಲಿ ಅಪ್ಪ ಕಿಟಕಿಗೆ ತಲೆಯಿಟ್ಟು ನಿದ್ದೆ ಮಾಡಿದ. ಮನೆಯಲ್ಲಿ ಅವ್ವ ಎಲ್ಲ ಕೇಳಿ ಹಣೆ ಬಡಿದುಕೊಂಡಳು: "ನಾ ಎಣ್ಣಿ ಹಚ್ಚು ಅಂದಿದ್ನಿ. ಅದಕ್ಕ ಅಭ್ಯಂಗ ಮಾಡ್ಸು ಅಂದಿದ್ದಿಲ್ಲ." ಅದಾದ ಮೇಲೆ ನಮ್ಮ ಮನೆಯಲ್ಲಿ ಎಣ್ಣೆ ಕುಂಕುಮವನ್ನು ಮಾಡಿದ ಸಾಮಾನಿಗೆ ಹಚ್ಚುವುದು ನಿಂತಿತು, ಸಾಮಾನು ಇಟ್ಟ ಮಣೆಗೆ ಹಚ್ಚುತ್ತಿದ್ದೆವು.

ಆ ಚಾಲಿ ಈಗಿಲ್ಲ. ಅದರ ಜಾಗದಲ್ಲಿ ಮೊಬೈಲ್ ಅಂಗಡಿಗಳು ಬಂದು ಬಹಳ ವರ್ಷವಾಯಿತು. ಬೇವಿನ ಮರವನ್ನು ಯಾವಾಗ ಕಡಿದರೋ ನನಗೆ ತಿಳಿಯದು. ಬಾಪುವಿನ ಮೊಮ್ಮಕ್ಕಳು ಪರವಾನಗಿ ಮುಂದುವರಿಸದೆ ಬಂದೂಕನ್ನು ಠಾಣೆಗೆ ಒಪ್ಪಿಸಿದರಂತೆ. ಅಪ್ಪ ಹೋದ ಮೇಲೆ ನನ್ನ ತಮ್ಮ ಅಡಿಗಲ್ಲು, ಇಕ್ಕಳ, ತಿದಿ ಎಲ್ಲ ಗುಜರಿಗೆ ಹಾಕಿದ. ನಾನೂ ಬೇಡ ಅನ್ನಲಿಲ್ಲ, ಇಡಲು ಜಾಗ ಇರಲಿಲ್ಲ. ಪೂರ್ವಿಗೆ ಕಾವು ನೋಡಲು ಮೀಟರ್ ಇದೆ, ಅಂಕಿ ಬರುತ್ತದೆ, ತಪ್ಪಾಗುವುದಿಲ್ಲ. ಒಳ್ಳೆಯದೇ. ಆದರೆ ಕಾದ ಕಬ್ಬಿಣಕ್ಕೆ ಅಪ್ಪ ಹೇಳುತ್ತಿದ್ದ ಹೆಸರುಗಳನ್ನು ಈ ಮನೆಯಲ್ಲಿ ಹೇಳಿದರೆ ತಿಳಿಯುವವರು ನನ್ನ ಬಿಟ್ಟು ಯಾರೂ ಉಳಿದಿಲ್ಲ. ಪೂರ್ವಿಯ ಕನ್ನಡ ಅರ್ಧ, ಉಳಿದದ್ದು ಗುಜರಾತಿ, ಹಿಂದಿ. ನನ್ನ ಕಥೆಯನ್ನೂ ಅವಳಿಗೆ ಮೂರೂ ಬೆರೆಸಿಯೇ ಹೇಳಬೇಕು.

ಇವತ್ತು ಸಂಜೆ ಹಾಗೇ ಹೇಳಿದೆ. ಸೂರತ್ತಿನ ಕತಾರ್‌ಗಾಮಿನಿಂದ ಮಗಳು, ಅಳಿಯ, ಅವರ ಇಬ್ಬರು ಮಕ್ಕಳು ಮಧ್ಯಾಹ್ನದ ರೈಲಿಗೆ ಬಂದಿಳಿದಿದ್ದರು. ಮೇಜಿನ ಸುತ್ತ ಎಲ್ಲರಿಗೂ ಜಾಗ ಸಾಲದೆ ನೆಲಕ್ಕೇ ಚಾಪೆ ಹಾಸಿದೆವು. ಸೊಸೆ ಹೋಳಿಗೆ ಬೇಯಿಸುತ್ತಿದ್ದಳು, ಮಗಳು ತುಪ್ಪ ಬಡಿಸುತ್ತಿದ್ದಳು. ನನ್ನ ಯಜಮಾನರು, ಈ ಕಥೆ ಮದುವೆಯಾದಾಗಿನಿಂದ ಕೇಳುತ್ತಿದ್ದೇನೆ, ಪ್ರತಿ ಸಲ ಬಂದೂಕಿನ ಸದ್ದು ಜೋರಾಗುತ್ತಿದೆ ಎಂದರು. ಪೂರ್ವಿ ನಗಲಿಲ್ಲ. ತುತ್ತು ಕೈಯಲ್ಲೇ ಹಿಡಿದು ಕೇಳಿದಳು:

"ಅಜ್ಜಿ, ನೀನು ಹೇಳದೇ ಇದ್ದಿದ್ರೆ?"

ಅಷ್ಟು ವರ್ಷದಲ್ಲಿ ಯಾರೂ ಕೇಳಿರಲಿಲ್ಲ.

"ಬಾಪುಗ ಮತ್ತೊಂದ ಬಂದೂಕ ಸಿಗತಿತ್ತು," ಎಂದೆ. "ನಮ್ಮಪ್ಪ ಮಾತ್ರ ತನ್ನ ಕೈ ಕೆಟ್ಟೈತಿ ಅಂತ ತಿಳಕೊಂಡ ಸಾಯತಿದ್ದ."

ಅವಳು ತನ್ನ ಕೈ ನೋಡಿಕೊಂಡಳು. ಎರಡು ವರ್ಷದ ಅರದ ಗಾಯಗಳು, ಹೋಳಿಗೆಯ ತುಪ್ಪ. ಸೊಸೆ ಒಳಗಿನಿಂದ ಬಂದು, "ಮಾತು ಆಮ್ಯಾಲೆ ಆಡ್ರಿ, ಆರತಾವು," ಎಂದು ಎಲ್ಲರ ತಟ್ಟೆಗೆ ಬಿಸಿ ಹೋಳಿಗೆ ಹಾಕಿದಳು, ತಾನೂ ಕೂತಳು. ಎಲ್ಲರೂ ಉಂಡೆವು. ನಾನು ಎರಡು ಹೋಳಿಗೆ ಹೆಚ್ಚಿಗೆ ತಿಂದೆ, ಯಾರೂ ನನ್ನ ಸಕ್ಕರೆ ಕಾಯಿಲೆಯ ಮಾತು ಎತ್ತಲಿಲ್ಲ.